ಹೈಸ್ಪೀಡ್ ಕೇಬಲ್, ಕನೆಕ್ಟರ್ ಕೆಲಸ: ಹಿಂಜವಡಿಯ ಸಿಮ್ಯುಲೇಶನ್ ಡೆಸ್ಕಾ, ಚಾಕಣದ ಲ್ಯಾಬಾ?

ಗದಗಿನ_ಹುಡುಗ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಇ ಅಂಡ್ ಸಿ ಮುಗಿಸಿ ಪುಣೆಗೆ ಬಂದಿದ್ದೇನೆ. ಹೈಸ್ಪೀಡ್ ಕೇಬಲ್ ಮತ್ತು ಕನೆಕ್ಟರ್ ಮಾಡುವ ಒಂದು ಕಂಪನಿಯಲ್ಲಿ ಟ್ರೇನಿ. ತರಬೇತಿ ಮುಗಿಯುತ್ತ ಬಂತು. ಈಗ ಎರಡರಲ್ಲಿ ಒಂದು ಟೀಮ್ ಆರಿಸಿಕೊಳ್ಳಿ ಅಂದಿದ್ದಾರೆ.

ಒಂದು, ಹಿಂಜವಡಿ ಆಫೀಸಿನಲ್ಲಿ ಸಿಗ್ನಲ್ ಇಂಟೆಗ್ರಿಟಿ ಸಿಮ್ಯುಲೇಶನ್, ಅಂದರೆ ಸಿಗ್ನಲ್ ಕೆಡದೆ ತಲುಪುತ್ತದಾ ಅಂತ ಕಂಪ್ಯೂಟರಿನಲ್ಲಿ ನೋಡುವುದು. ಎಸಿ ರೂಮು, ದೊಡ್ಡ ಸರ್ವರು, ತ್ರೀಡಿ ಫೀಲ್ಡ್ ಸಾಲ್ವರ್ (ವಿದ್ಯುತ್ಕಾಂತ ಕ್ಷೇತ್ರ ಲೆಕ್ಕ ಹಾಕುವ ಸಾಫ್ಟ್‌ವೇರ್). ಇನ್ನೊಂದು, ಚಾಕಣದ ಪ್ಲಾಂಟಿನ ಟೆಸ್ಟ್ ಲ್ಯಾಬ್. ಅಲ್ಲಿ ವಿಎನ್‌ಎ (ಪ್ರತಿ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಎಷ್ಟು ದಾಟಿತು, ಎಷ್ಟು ವಾಪಸ್ ಬಂತು ಅಂತ ಅಳೆಯುವ ಯಂತ್ರ), ಟಿಡಿಆರ್ (ಕೇಬಲ್ಲಿನ ಯಾವ ಜಾಗದಲ್ಲಿ ಇಂಪೀಡೆನ್ಸ್ ಎಷ್ಟಿದೆ ಅಂತ ತೋರಿಸುವುದು), ಕ್ರಿಂಪ್ (ತಂತಿಗೆ ಟರ್ಮಿನಲ್ ಒತ್ತಿ ಕೂರಿಸಿದ ಜೋಡಣೆ) ಕತ್ತರಿಸಿ ನೋಡುವ ಸೆಕ್ಷನ್, ವೈಬ್ರೇಶನ್ ಟೇಬಲ್ ಎಲ್ಲ ಇದೆ. ಆದರೆ ದಿನಾ ಕಂಪನಿ ಬಸ್ಸಿನಲ್ಲಿ ಚಾಕಣ ಚೌಕದ ಟ್ರಾಫಿಕ್ ದಾಟಬೇಕು.

ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಮಾಡುವ ಗೆಳೆಯರು "ವೈರು, ಪ್ಲಗ್ಗಿನ ಕೆಲಸಕ್ಕೆ ಯಾಕೆ ಹೋದೆ, ಅದರಲ್ಲಿ ಮುಂದೆ ಏನಿದೆ" ಅಂತಾರೆ. ಮನೆಯಲ್ಲೂ ಅದೇ ಪ್ರಶ್ನೆ. ಈ ಕ್ಷೇತ್ರದಲ್ಲಿ ಇರುವವರು ಹೇಳಿ: ಮೊದಲ ಒಂದೆರಡು ವರ್ಷ ಎಲ್ಲಿರಬೇಕು, ಏನು ಕಲಿಯಬೇಕು?

ತಾಮ್ರದ_ತಂತಿ

ಚಾಕಣಕ್ಕೆ ಹೋಗಿ. ಉತ್ತರ ಮೊದಲೇ ಹೇಳಿಬಿಟ್ಟೆ, ಕಾರಣ ಈಗ ಹೇಳುತ್ತೇನೆ.

ಮೊದಲು ನಿಮ್ಮ ಗೆಳೆಯರ ಮಾತು. ಡೇಟಾ ಸೆಂಟರಿನ ತಾಮ್ರದ ಈಥರ್ನೆಟ್ ಕೇಬಲ್ ತೆಗೆದುಕೊಳ್ಳಿ. 2014ರ ಸ್ಟ್ಯಾಂಡರ್ಡಿನಲ್ಲಿ ಒಂದು ಲೇನಿಗೆ, ಅಂದರೆ ಡೇಟಾ ಹೋಗುವ ಒಂದು ದಾರಿಗೆ, ಸೆಕೆಂಡಿಗೆ 25 ಗಿಗಾಬಿಟ್, ಕೇಬಲ್ 5 ಮೀಟರ್. 2018ರಲ್ಲಿ ಲೇನಿಗೆ 50, ಉದ್ದ 3 ಮೀಟರಿಗೆ ಇಳಿಯಿತು. 2022ರಲ್ಲಿ ಲೇನಿಗೆ 100, ಉದ್ದ 2 ಮೀಟರ್. ಚಿಪ್ಪಿನವರು ವೇಗ ಹೆಚ್ಚಿಸಿದ ಹಾಗೆಲ್ಲ ಕೇಬಲ್ ಕುಗ್ಗುತ್ತಿದೆ. ಆ ಉಳಿದ 2 ಮೀಟರನ್ನು ಕಾಪಾಡುವುದೇ ಈಗಿನ ಕಷ್ಟದ ಕೆಲಸ. ಅದನ್ನು ಮಾಡುವವರು ನಾವು.

ಎನ್‌ವಿಡಿಯಾ 2024ರಲ್ಲಿ ತೋರಿಸಿದ 72 ಜಿಪಿಯುಗಳ ರ‍್ಯಾಕ್ ನೆನಪಿದೆಯಾ? ಅದರ ಬೆನ್ನಿಗೆ 5,000ಕ್ಕೂ ಹೆಚ್ಚು ತಾಮ್ರದ ಕೇಬಲ್‌ಗಳಿವೆ, ಒಟ್ಟು ಉದ್ದ ಸುಮಾರು 3 ಕಿಲೋಮೀಟರ್. ಅದೇ ಕೆಲಸಕ್ಕೆ ಬೆಳಕಿನಲ್ಲಿ ಸಿಗ್ನಲ್ ಕಳಿಸುವ ಆಪ್ಟಿಕಲ್ ಟ್ರಾನ್ಸೀವರ್ ಹಾಕಿದ್ದರೆ ಸುಮಾರು 20 ಕಿಲೋವ್ಯಾಟ್ ಬರೀ ಅದಕ್ಕೇ ಹೋಗುತ್ತಿತ್ತು ಅಂತ ಆ ಕಂಪನಿಯೇ ಹೇಳಿತು. ಮುಂದೆ ಏನಿದೆ ಅಂತ ಕೇಳುವವರಿಗೆ ಇದನ್ನು ತೋರಿಸಿ.

ಈಗ ಲ್ಯಾಬ್ ಯಾಕೆ ಅಂತ. ಲೇನಿಗೆ 100 ಗಿಗಾಬಿಟ್ ಅಂದರೆ ನಾಲ್ಕು ಮಟ್ಟಗಳಿರುವ ಪ್ಯಾಮ್-4 ಸಿಗ್ನಲ್, ಸೆಕೆಂಡಿಗೆ 53.125 ಗಿಗಾ ಸಿಂಬಲ್. ಒಂದು ಸಿಂಬಲ್ಲಿಗೆ ಸಿಗುವ ಸಮಯ 18.8 ಪಿಕೋಸೆಕೆಂಡ್. ಟೆಫ್ಲಾನ್ ಕೇಬಲ್ಲಿನಲ್ಲಿ ಅಷ್ಟು ಹೊತ್ತಿಗೆ ಸಿಗ್ನಲ್ 4 ಮಿಲಿಮೀಟರ್ ಕೂಡ ದಾಟಿರುವುದಿಲ್ಲ. ಒಂದೇ ಸಿಗ್ನಲ್ ಒಯ್ಯುವ ಜೋಡಿಯ ಎರಡು ತಂತಿಗಳಲ್ಲಿ ಒಂದು ಇನ್ನೊಂದಕ್ಕಿಂತ 1 ಮಿ.ಮೀ. ಉದ್ದ ಆಯಿತು ಅಂದುಕೊಳ್ಳಿ. ಸುಮಾರು 4.8 ಪಿಕೋಸೆಕೆಂಡ್ ಹಿಂದೆ ಬಿತ್ತು. ಸಿಂಬಲ್ಲಿನ ಕಾಲುಭಾಗ ಹೋಯಿತು! ಆ 1 ಮಿ.ಮೀ. ಎಲ್ಲಿಂದ ಬರುತ್ತದೆ? ತಂತಿ ಸುಲಿಯುವ ಮಷೀನಿನ ಬ್ಲೇಡು ಸರಿದದ್ದರಿಂದ, ಬೆಸುಗೆ ಹಾಕುವಾಗ ತಂತಿ ಸ್ವಲ್ಪ ಬಾಗಿದ್ದರಿಂದ. ಸಿಮ್ಯುಲೇಶನ್ ಡ್ರಾಯಿಂಗಿನಲ್ಲಿ ಎರಡೂ ತಂತಿ ಯಾವಾಗಲೂ ಸಮ ಉದ್ದವೇ ಇರುತ್ತವೆ. ಪ್ಲಾಂಟಿನಲ್ಲಿ ಹಾಗಿರುವುದಿಲ್ಲ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮಾಡೆಲ್ ಕಟ್ಟುವಾಗಲೂ ಬೇರೆ ರೀತಿ ಯೋಚಿಸುತ್ತಾರೆ.

ಪವಯಿ_ಪ್ರವಾಸಿ

ಮೇಡಂ, ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲ್ಲ. ನಾನು ಮುಂಬೈನಲ್ಲಿ ಸಿಮ್ಯುಲೇಶನ್ನೇ ಮಾಡುವವನು.

ಲ್ಯಾಬಿನಲ್ಲಿ ಕೂತವರು ಎಲ್ಲರೂ ಕಲಿಯುತ್ತಾರೆ ಅಂತೇನಿಲ್ಲ. ಎಷ್ಟೋ ಲ್ಯಾಬುಗಳಲ್ಲಿ ಹೊಸ ಹುಡುಗರ ಕೈಲಿ ದಿನವಿಡೀ ಒಂದೇ ಕೆಲಸ: ಕೇಬಲ್ ಸಿಕ್ಕಿಸು, ಬಟನ್ ಒತ್ತು, ಲಿಮಿಟ್ ಲೈನಿನ ಮೇಲಿದೆಯಾ ಕೆಳಗಿದೆಯಾ ನೋಡು, ಎಕ್ಸೆಲ್‌ನಲ್ಲಿ ಪಾಸ್ ಅಂತ ಬರೆ. ಒಂದು ವರ್ಷ ಕಳೆದರೂ ಆ ಗ್ರಾಫಿನಲ್ಲಿ ಏರಿಳಿತ ಯಾಕೆ ಬಂತು ಅಂತ ಹೇಳೋಕೆ ಬರಲ್ಲ. ಫೀಲ್ಡು ಹೇಗೆ ಹರಿಯುತ್ತದೆ, ರಿಟರ್ನ್ ಕರೆಂಟ್ ಎಲ್ಲಿ ಓಡುತ್ತದೆ, ಇವೆಲ್ಲ ಸಾಲ್ವರಿನಲ್ಲಿ ಬಣ್ಣಬಣ್ಣವಾಗಿ ಕಾಣುತ್ತವೆ. ಕನೆಕ್ಟರಿನ ಒಳಗೆ ಪ್ರೋಬ್ ಹಾಕಿ ನೋಡೋಕೆ ಆಗುತ್ತದಾ? ಆಗಲ್ಲ ಅಲ್ವಾ.

ತಮ್ಮಾ ಗದಗಿನವರೇ, ಎಲ್ಲಿಗೆ ಹೋದರೂ ಮೊದಲು ಟ್ರಾನ್ಸ್‌ಮಿಷನ್ ಲೈನ್ ಗಟ್ಟಿ ಮಾಡಿಕೊಳ್ಳಿ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಬಾಂಬೆಯ ಪ್ರೊ. ಶೇವಗಾಂವ್ಕರ್ ಅವರ ಪಾಠಗಳಿವೆ, ದುಡ್ಡಿಲ್ಲ. ಪೆನ್ನು ಹಿಡಿದು ಲೆಕ್ಕ ಮಾಡುತ್ತ ನೋಡಿ. ಸುಮ್ನೆ ಹಿನ್ನೆಲೆಯಲ್ಲಿ ಓಡಿಸಿದರೆ ಏನೂ ಬರಲ್ಲ.

ತಾಮ್ರದ_ತಂತಿ

ಬಟನ್ ಒತ್ತುವ ಲ್ಯಾಬಿನ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಲ್ಯಾಬಿನಲ್ಲಿ ಹೇಗೆ ಇರಬೇಕು ಅನ್ನುವುದನ್ನೂ ಹೇಳಬೇಕು.

ವಿಎನ್‌ಎ ಮುಂದೆ ಕೂತವರ ಕೈ ನೋಡಿದರೆ ಸಾಕು, ಕಲಿತವರಾ ಇಲ್ಲವಾ ಗೊತ್ತಾಗುತ್ತದೆ. ಕಲಿತವರು ಮಷೀನ್ ಬೆಚ್ಚಗಾಗಲು ಬಿಟ್ಟಿರುತ್ತಾರೆ. ಕ್ಯಾಪ್ ತೆಗೆದ ಮೇಲೆ ಮೊದಲು ಕನೆಕ್ಟರಿನ ಬಾಯನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ನಡುವಿನ ಪಿನ್ ಸೊಟ್ಟಗಿದೆಯಾ, ತಾಮ್ರದ ಪುಡಿ ಕೂತಿದೆಯಾ ಅಂತ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನಾರು ಬಿಡದ ಕಡ್ಡಿಯಿಂದ ಒರೆಸುತ್ತಾರೆ, ಒಣಗಲು ಬಿಡುತ್ತಾರೆ. ಸಿಕ್ಕಿಸುವಾಗ ಕನೆಕ್ಟರಿನ ಮೈಯನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸುತ್ತಾರೆ. ಮೈ ತಿರುಗಿದರೆ ಒಳಗಿನ ಪಿನ್ನು ಉಜ್ಜಿ ಸವೆಯುತ್ತದೆ. ಕೊನೆಗೆ ಟಾರ್ಕ್ ರೆಂಚು. 2.92 ಮಿ.ಮೀ. ಕನೆಕ್ಟರಿಗೆ ಸಾಮಾನ್ಯವಾಗಿ 0.9 ನ್ಯೂಟನ್ ಮೀಟರ್, ಎಸ್‌ಎಂಎ ಎಂಬ ಇನ್ನೊಂದು ಬಗೆಯ ಕನೆಕ್ಟರ್ ಹಿತ್ತಾಳೆಯದ್ದಾದರೆ 0.56. ರೆಂಚು ಕಟಕ್ ಅಂದು ಬಾಗಿದ ಕೂಡಲೇ ಕೈ ಬಿಡುತ್ತಾರೆ. ಕ್ಯಾಲಿಬ್ರೇಶನ್ ಆದ ಮೇಲೆ ಟೆಸ್ಟ್ ಕೇಬಲ್ ಅಲ್ಲಾಡಿಸುವುದಿಲ್ಲ.

ಇನ್ನೊಂದು ಮಾತು. ಎಸ್‌ಎಂಎ, 3.5 ಮತ್ತು 2.92 ಮೂರೂ ಒಂದಕ್ಕೊಂದು ಸೇರುತ್ತವೆ. ಸೇರುತ್ತವೆ ಅಂತ ಅಗ್ಗದ ಎಸ್‌ಎಂಎ ಪ್ಲಗ್ಗನ್ನು 40 ಗಿಗಾಹರ್ಟ್ಸ್‌ನ ದುಬಾರಿ ಪೋರ್ಟಿಗೆ ಹಾಕಬೇಡಿ. ಅಗ್ಗದ ಪ್ಲಗ್ಗಿನ ಪಿನ್ ಒಂದಿಷ್ಟು ಮುಂದೆ ಚಾಚಿದ್ದರೂ ಆ ಪೋರ್ಟು ಹಾಳು. ಪಿನ್ ಆಳ ಅಳೆಯುವ ಗೇಜ್ ಲ್ಯಾಬಿನಲ್ಲೇ ಇರುತ್ತದೆ, ಕೇಳಿ ತೆಗೆದುಕೊಂಡು ಅಳೆಯಿರಿ.

ಇದೆಲ್ಲ ಸಣ್ಣ ವಿಷಯ ಅನಿಸಬಹುದು. ಆದರೆ 26 ಗಿಗಾಹರ್ಟ್ಸ್‌ನಲ್ಲಿ ಅಳತೆ ಮತ್ತು ಸಿಮ್ಯುಲೇಶನ್ ಹೊಂದಲಿಲ್ಲ ಅಂತ ವಾರಗಟ್ಟಲೆ ವಾದ ನಡೆಯುವಾಗ ತಪ್ಪು ಎಷ್ಟೋ ಸಲ ಈ ಹಂತದಲ್ಲೇ ಇರುತ್ತದೆ. ನಿಮ್ಮ ಅಳತೆಯ ಮೇಲೆ ನಿಮಗೆ ನಂಬಿಕೆ ಇದ್ದರೆ ಮಾತ್ರ ನೀವು ಮಾಡೆಲ್ಲನ್ನು ಪ್ರಶ್ನೆ ಮಾಡಬಹುದು. ಪವಯಿಯವರೇ, ನಿಮ್ಮ ಮಾಡೆಲ್ ಸರಿ ಅಂತ ಹೇಳುವವರೂ ಲ್ಯಾಬಿನವರೇ ತಾನೆ?

ಚಾಕಣದ_ಕಾಕಾ

ನಾನು ಬೆಳಗಾವಿಯವನು, ಮೆಕ್ಯಾನಿಕಲ್. ಚಾಕಣದಲ್ಲಿ ಕನೆಕ್ಟರ್ ಟೂಲಿಂಗ್ ಮಾಡುತ್ತಲೇ ತಲೆ ಹಣ್ಣಾಯಿತು. ಎಲೆಕ್ಟ್ರಾನಿಕ್ಸ್‌ನವರು ಮಾತಾಡುವಾಗ ನಮ್ಮ ಕಡೆಯದು ಬಿಟ್ಟುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕನೆಕ್ಟರ್ ಅಂದರೆ ಮೊದಲು ಒಂದು ಸ್ಪ್ರಿಂಗು. ಎರಡು ಲೋಹಗಳು ಒತ್ತಿಕೊಂಡಿರಬೇಕು, ಸೇರುವಾಗ ಒಂದರ ಮೇಲೊಂದು ಸ್ವಲ್ಪ ಉಜ್ಜಿಕೊಂಡು ಹೋಗಬೇಕು. ಇದಕ್ಕೆ ವೈಪ್ ಅಂತೀವಿ. ಆ ಉಜ್ಜುವಿಕೆಯಿಂದಲೇ ಮೇಲಿನ ಧೂಳು, ಆಕ್ಸೈಡ್ ಪದರ ಕಿತ್ತುಹೋಗಿ ಒಳ್ಳೆಯ ಕಾಂಟ್ಯಾಕ್ಟ್ ಸಿಗುತ್ತದೆ. ವೈಪ್ ಜಾಸ್ತಿ ಇದ್ದರೆ ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದರೂ ಕೆಲಸ ಮಾಡುತ್ತದೆ. ಮೆಕ್ಯಾನಿಕಲ್‌ನವನಿಗೆ ವೈಪ್ ಎಷ್ಟಿದ್ದರೂ ಸಾಲದು.

ಆದರೆ ಕಾಂಟ್ಯಾಕ್ಟ್ ಆಗುವ ಜಾಗದಿಂದ ಮುಂದೆ ಉಳಿಯುವ ಲೋಹದ ತುದಿ ಇದೆಯಲ್ಲ, ಅದು ಎಲ್ಲಿಗೂ ಸೇರದ ತುಂಡು. ಸಿಗ್ನಲ್ಲಿನವರು ಅದಕ್ಕೆ ಸ್ಟಬ್ ಅಂತಾರೆ. ಸಿಗ್ನಲ್ ಅದರೊಳಗೆ ಹೋಗಿ ತುದಿ ಮುಟ್ಟಿ ವಾಪಸ್ ಬರುತ್ತದೆ. ಆ ತುಂಡಿನ ಉದ್ದ ತರಂಗದ ಕಾಲುಭಾಗವಾದರೆ, ವಾಪಸ್ ಬಂದದ್ದು ಮುಂದೆ ಹೋಗುವುದನ್ನು ಹೊಡೆದುಹಾಕುತ್ತದೆ. ಲೆಕ್ಕ ನೋಡಿ: ಸುತ್ತ ಪ್ಲಾಸ್ಟಿಕ್ ಇದ್ದರೆ ವೇಗ ಬೆಳಕಿನ ಸುಮಾರು 0.7 ಪಟ್ಟು. 2 ಮಿ.ಮೀ. ಸ್ಟಬ್ ಇದ್ದರೆ ಹಳ್ಳ ಬೀಳುವುದು 26 ಗಿಗಾಹರ್ಟ್ಸ್ ಹತ್ತಿರ. ಸಿಂಬಲ್ ಒಂದು ಮೇಲೆ ಒಂದು ಕೆಳಗೆ ಆದರೆ ಎರಡು ಸಿಂಬಲ್ಲಿಗೆ ಒಂದು ಅಲೆ. ಹಾಗಾದರೆ ಮೇಲೆ ಹೇಳಿದ 53.125ರ ಅರ್ಧ ಎಷ್ಟು? 26.56. ಸಿಗ್ನಲ್ಲಿಗೆ ಎಲ್ಲಿ ಬೇಡವೋ ಅಲ್ಲೇ ಸರಿಯಾಗಿ ಬಂದು ಕೂತಿತು.

ಹಾಗಾಗಿ ಸಿಗ್ನಲ್ಲಿನವರು ವೈಪ್ ಅರ್ಧ ಮಾಡಿ ಅಂತಾರೆ. ನಾವು ಆಗಲ್ಲ ಅಂತೀವಿ. ಅರ್ಧ ಮಾಡಿದರೆ ಮೌಲ್ಡಿಂಗ್, ಸ್ಟಾಂಪಿಂಗ್, ಬೋರ್ಡ್ ಜೋಡಣೆ ಎಲ್ಲದರ ಟಾಲರೆನ್ಸ್ ಬಿಗಿ ಮಾಡಬೇಕು, ರೇಟು ಏರುತ್ತದೆ. ಹೊಸ ಕನೆಕ್ಟರ್ ಮಾಡುವುದು ಅಂದರೆ ಈ ಜಗಳವನ್ನು ಮಿಲಿಮೀಟರಿನ ಹತ್ತನೇ ಭಾಗದಲ್ಲಿ ಬಗೆಹರಿಸುವುದು. ಎರಡೂ ಕಡೆಯ ಭಾಷೆ ಬರುವ ಎಂಜಿನಿಯರ್ ಸಿಗುವುದು ಬಹಳ ಅಪರೂಪ. ಇ ಅಂಡ್ ಸಿ ಓದಿ ಪ್ಲಾಂಟಿಗೆ ಬಂದವನು ಹಾಗೆ ಆಗಬಹುದು. ಪ್ಲಾಂಟು ಬಿಟ್ಟು ಅದು ಬರಲ್ಲ.

ಪ್ಲೇಟಿಂಗ್ ಬಗ್ಗೆಯೂ ಒಂದು ಮಾತು. ಕಾಂಟ್ಯಾಕ್ಟಿನ ಮೇಲೆ ಚಿನ್ನ, ಅದರ ಕೆಳಗೆ ನಿಕ್ಕಲ್. ಒಳ್ಳೆಯ ಗ್ರೇಡಿನಲ್ಲಿ ಚಿನ್ನ 0.76 ಮೈಕ್ರಾನ್ ಇರುತ್ತದೆ. 26 ಗಿಗಾಹರ್ಟ್ಸ್‌ನಲ್ಲಿ ಕರೆಂಟು ಚಿನ್ನದ ಮೇಲ್ಮೈಯ ಅರ್ಧ ಮೈಕ್ರಾನಿನಷ್ಟರಲ್ಲೇ ಹೆಚ್ಚಾಗಿ ಓಡುತ್ತದೆ. ಖರ್ಚು ಉಳಿಸಲು ಚಿನ್ನ ತೆಳು ಮಾಡಿದರೆ ಕರೆಂಟು ಕೆಳಗಿನ ನಿಕ್ಕಲ್ಲಿಗೆ ಇಳಿಯುತ್ತದೆ. ನಿಕ್ಕಲ್ ಆಯಸ್ಕಾಂತದ ಗುಣದ್ದು, ಅಲ್ಲಿ ನಷ್ಟ ಜಾಸ್ತಿ. ಪರ್ಚೇಸ್‌ನವರ ಮೀಟಿಂಗಿನಲ್ಲಿ ಈ ಮಾತು ಹೇಳಲು ಯಾರಾದರೂ ಇರಬೇಕು.

ಕೋಥ್ರೂಡ್_ಕನ್ನಡತಿ

ಕಾಕಾ, ವೈಪ್ ಮತ್ತು ಸ್ಟಬ್ಬಿನ ಲೆಕ್ಕ ಇಷ್ಟು ಸಲೀಸಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಧನ್ಯವಾದ.

ನಾನು ಗಾಡಿಗಳ ಕಡೆಯವಳು. ಪುಣೆ ಅಂದ ಮೇಲೆ ಅದನ್ನು ಬಿಡುವ ಹಾಗಿಲ್ಲ. ಚಾಕಣ, ಪಿಂಪ್ರಿ, ರಂಜನಗಾಂವ್ ಸುತ್ತ ಗಾಡಿ ಕಂಪನಿಗಳು, ಅವರಿಗೆ ಹಾರ್ನೆಸ್ (ಗಾಡಿಯ ತಂತಿಗಳ ಕಟ್ಟು) ಕೊಡುವವರು, ಕೋಥ್ರೂಡ್‌ನಲ್ಲಿ ಗಾಡಿಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ. ಇಷ್ಟೆಲ್ಲ ಒಂದೇ ಊರಿನ ಸುತ್ತ ಇರುವುದು ಹೊಸಬರಿಗೆ ದೊಡ್ಡ ಅನುಕೂಲ.

ಗಾಡಿಯಲ್ಲಿ ವೇಗ ಡೇಟಾ ಸೆಂಟರಿನಷ್ಟಿಲ್ಲ, ಆದರೆ ಪರಿಸ್ಥಿತಿ ಬಹಳ ಕೆಟ್ಟದು. ಕ್ಯಾಮೆರಾಗೆ ಕೋಯಾಕ್ಸ್ (ನಡುವೆ ಒಂದು ತಂತಿ, ಸುತ್ತ ಲೋಹದ ಕವಚ ಇರುವ ಕೇಬಲ್) ಮತ್ತು ಗಾಡಿಗಳಲ್ಲಿ ಬಳಸುವ ಫಕ್ರಾ ಕನೆಕ್ಟರ್, ಅದೇ ಕೋಯಾಕ್ಸಿನಲ್ಲಿ ಪವರ್ ಕೂಡ ಹೋಗುತ್ತದೆ. ಈಥರ್ನೆಟ್ಟಿಗೆ ಒಂದೇ ಜೋಡಿ ತಂತಿ, 15 ಮೀಟರ್ ತನಕ, ಶೀಲ್ಡ್ (ಸುತ್ತಲಿನ ಲೋಹದ ಕವಚ) ಕೂಡ ಇರಲೇಬೇಕು ಅಂತಿಲ್ಲ. 100 ಮೆಗಾಬಿಟ್‌ನ ಸ್ಟ್ಯಾಂಡರ್ಡ್ 2015ರಲ್ಲಿ ಬಂತು, 1 ಗಿಗಾಬಿಟ್‌ನದು 2016ರಲ್ಲಿ.

ಶೀಲ್ಡ್ ಇಲ್ಲದ ಜೋಡಿ ಬದುಕುವುದು ಸಮತೋಲದಿಂದ. ಎರಡು ತಂತಿಗೂ ಗಲಾಟೆ ಒಂದೇ ಥರ ತಗುಲಿದರೆ ರಿಸೀವರ್ ಅದನ್ನು ಕಳೆದುಹಾಕುತ್ತದೆ. ಕನೆಕ್ಟರಿನ ಹತ್ತಿರ ಹೆಣಿಗೆ ಬಿಚ್ಚಲೇಬೇಕಲ್ಲ, ಅಲ್ಲಿ ಸಮತೋಲ ಕೆಡುತ್ತದೆ. ಹಾರ್ನೆಸ್ ಬೋರ್ಡಿನಲ್ಲಿ ಕೆಲಸ ಮಾಡುವವರಿಗೆ ತಂತಿ ಸ್ವಲ್ಪ ಜಾಸ್ತಿ ಬಿಚ್ಚಿಕೊಂಡರೆ ಕ್ರಿಂಪ್ ಮಾಡಲು ಸುಲಭ. ಆ ಸುಲಭವೇ ಇಎಂಸಿ (ವಿದ್ಯುತ್ಕಾಂತ ಗಲಾಟೆಯ) ಟೆಸ್ಟಿನಲ್ಲಿ ಫೇಲ್ ಆಗಿ ಬರುತ್ತದೆ. ಅವರಿಗೆ ಬೈದರೆ ಉಪಯೋಗವಿಲ್ಲ. ಬಿಚ್ಚುವ ಉದ್ದಕ್ಕೆ ಒಂದು ಫಿಕ್ಸ್ಚರ್ ಮಾಡಿಕೊಡಬೇಕು, ಯಾಕೆ ಅಂತ ಮರಾಠಿಯಲ್ಲೋ ಹಿಂದಿಯಲ್ಲೋ ಪಕ್ಕದಲ್ಲಿ ನಿಂತು ಹೇಳಬೇಕು. ಗದಗಿನವರೇ, ಮರಾಠಿ ಕಲಿಯಿರಿ. ಲೈನಿನ ಮೇಲಿರುವ ಹೆಂಗಸರಿಗೆ ಎಂಜಿನಿಯರಿಗಿಂತ ಜಾಸ್ತಿ ಗೊತ್ತಿರುತ್ತದೆ. ಕೇಳುವವರು ಇಲ್ಲದ್ದಕ್ಕೆ ಹೇಳುವುದಿಲ್ಲ ಅಷ್ಟೇ.

ಗದಗಿನ_ಹುಡುಗ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಚಾಕಣವನ್ನೇ ಆರಿಸಿಕೊಂಡೆ, ಸೇರಿಯೂ ಆಯಿತು. ಈಗ ನಿಜವಾದ ಪ್ರಶ್ನೆಯೊಂದು.

ಶೀಲ್ಡ್ ಇರುವ ಜೋಡಿ ಕೇಬಲ್ಲಿನ ಅಸೆಂಬ್ಲಿ ಅಳೆದೆವು. ಇನ್ಸರ್ಶನ್ ಲಾಸ್ ಗ್ರಾಫ್ (ಕೇಬಲ್ ದಾಟುವಾಗ ಸಿಗ್ನಲ್ ಎಷ್ಟು ಕಳೆಯಿತು ಅಂತ ತೋರಿಸುವುದು) 15 ಗಿಗಾಹರ್ಟ್ಸ್ ತನಕ ನುಣುಪಾಗಿ ಇಳಿಯುತ್ತದೆ. 17, 18ರ ನಡುವೆ ದಿಢೀರ್ ಆಳವಾದ ಹಳ್ಳ, ಆಮೇಲೆ ಮತ್ತೆ ಮೇಲೆ ಬರುತ್ತದೆ. ಸೀನಿಯರ್ ಒಬ್ಬರು ಕನೆಕ್ಟರ್ ಸ್ಟಬ್ ಅಂದರು. ಇನ್ನೊಬ್ಬರು ಫಿಕ್ಸ್ಚರ್ ಬೋರ್ಡಿನ ತಪ್ಪು, ಡಿ-ಎಂಬೆಡಿಂಗ್ ಸರಿ ಆಗಿಲ್ಲ ಅಂದರು. ಯಾರ ಮಾತು ಸರಿ ಅಂತ ನಾನು ಹೇಗೆ ಕಂಡುಹಿಡಿಯಲಿ?

ತಾಮ್ರದ_ತಂತಿ

ಒಳ್ಳೆಯ ಪ್ರಶ್ನೆ. ಯಾರ ಮಾತನ್ನೂ ನಂಬಬೇಡಿ, ಕೇಬಲ್ಲನ್ನೇ ಕೇಳಿ.

ಅದೇ ಬ್ಯಾಚಿನ ಎರಡು ಅಸೆಂಬ್ಲಿ ಮಾಡಿಸಿ: ಒಂದು ಈಗಿನ ಉದ್ದ, ಇನ್ನೊಂದು ಅದರ ಅರ್ಧ. ಕನೆಕ್ಟರ್ ಅದೇ, ಫಿಕ್ಸ್ಚರ್ ಅದೇ. ಹಳ್ಳ ಕನೆಕ್ಟರಿನದ್ದಾದರೆ ಉದ್ದ ಅರ್ಧವಾದರೂ ಹಳ್ಳದ ಆಳ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಯಾಕೆಂದರೆ ಕನೆಕ್ಟರ್ ಆಗಲೂ ಎರಡೇ. ಕೇಬಲ್ಲಿನದ್ದಾದರೆ ಜಾಗ ಅದೇ ಇದ್ದು ಆಳ ಕಡಿಮೆಯಾಗುತ್ತದೆ. ಫಿಕ್ಸ್ಚರಿನದ್ದಾದರೆ ಬೇರೆ ಫಿಕ್ಸ್ಚರ್ ಹಾಕಿದಾಗ ಹಳ್ಳವೇ ಜಾಗ ಬದಲಿಸುತ್ತದೆ.

ಡಿ-ಎಂಬೆಡಿಂಗ್ ಗೊತ್ತಿಲ್ಲದವರಿಗೆ: ಅಸೆಂಬ್ಲಿಯನ್ನು ವಿಎನ್‌ಎಗೆ ನೇರ ಸಿಕ್ಕಿಸಲು ಆಗದೆ ಇರುವಾಗ ನಡುವೆ ಒಂದು ಬೋರ್ಡ್ ಇಡುತ್ತೇವೆ. ಆ ಬೋರ್ಡಿನ ಪಾಲನ್ನು ಲೆಕ್ಕದಲ್ಲಿ ಕಳೆಯುವುದೇ ಡಿ-ಎಂಬೆಡಿಂಗ್. ಅದಕ್ಕೆ ಎರಡು ಫಿಕ್ಸ್ಚರ್ ಬೆನ್ನಿಗೆ ಬೆನ್ನು ಸೇರಿದ ಒಂದು ಟೆಸ್ಟ್ ಟ್ರೇಸ್ ಬೇಕು. ಇದರ ಗುಣಮಟ್ಟ ಹೇಗಿರಬೇಕು ಅಂತ ಐಇಇಇ 370 ಎಂಬ ಸ್ಟ್ಯಾಂಡರ್ಡ್ 2020ರಲ್ಲಿ ಬಂತು. ನಿಮ್ಮ ಲ್ಯಾಬಿನ ಬೋರ್ಡ್ ಅದಕ್ಕೆ ಹೊಂದುತ್ತದಾ ಕೇಳಿ.

ಇನ್ನೊಂದು. ಕೇಬಲ್ಲಿನ ಶೀಲ್ಡ್ ಹೇಗಿದೆ? ಅಲ್ಯೂಮಿನಿಯಂ ಫಾಯಿಲ್ ಪಟ್ಟಿಯನ್ನು ಸುರುಳಿಯಾಗಿ ಸುತ್ತಿದ್ದಾರಾ, ಉದ್ದಕ್ಕೂ ಒಂದೇ ಮಡಿಕೆಯಾಗಿ ಸುತ್ತಿದ್ದಾರಾ? ಸುರುಳಿಯಾದರೆ ಹೊರಕವಚ ನಿಧಾನಕ್ಕೆ ಬಿಚ್ಚಿ, ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಎಷ್ಟು ಮಿ.ಮೀ. ಅಂತ ಅಳೆದು ಹೇಳಿ.

ಗದಗಿನ_ಹುಡುಗ

ಅಕ್ಕಾ, ಸುರುಳಿಯೇ! ವರ್ನಿಯರ್ ಹಿಡಿದು ಹತ್ತು ಸುತ್ತು ಅಳೆದು ಹತ್ತರಿಂದ ಭಾಗಿಸಿದೆ. 6 ಮಿ.ಮೀ. ಬಂತು. ಅರ್ಧ ಉದ್ದದ ಅಸೆಂಬ್ಲಿಯಲ್ಲಿ ಹಳ್ಳ ಅದೇ ಜಾಗದಲ್ಲಿದೆ, ಆಳ ಕಡಿಮೆ ಇದೆ.

ತಾಮ್ರದ_ತಂತಿ

ಹಾಗಾದರೆ ಸಿಕ್ಕಿತು. ಫಾಯಿಲ್ಲಿನ ಅಂಚು ಅಂಚಿನ ಮೇಲೆ ಬರುವ ಪ್ರತಿ ಜಾಗದಲ್ಲೂ ರಿಟರ್ನ್ ಕರೆಂಟಿಗೆ ಒಂದು ಸಣ್ಣ ಅಡ್ಡಿ. ಒಂದೊಂದೂ ಕಣ್ಣಿಗೆ ಬೀಳದಷ್ಟು ಸಣ್ಣದು. ಆದರೆ 6 ಮಿ.ಮೀ.ಗೆ ಒಂದರಂತೆ ಕೇಬಲ್ ಉದ್ದಕ್ಕೂ ನೂರಾರು ಇವೆ. ಅರ್ಧ ತರಂಗದ ಉದ್ದ 6 ಮಿ.ಮೀ. ಆಗುವ ಫ್ರೀಕ್ವೆನ್ಸಿಯಲ್ಲಿ ಈ ಎಲ್ಲ ಸಣ್ಣ ಪ್ರತಿಫಲನಗಳೂ ಒಂದೇ ತಾಳಕ್ಕೆ ಸೇರಿ ಸಿಗ್ನಲ್ಲನ್ನು ಹಿಂದಕ್ಕೆ ತಳ್ಳುತ್ತವೆ. ಲೆಕ್ಕ: ವೇಗ ಸೆಕೆಂಡಿಗೆ ಸುಮಾರು 21 ಕೋಟಿ ಮೀಟರ್. ಅದನ್ನು 12 ಮಿ.ಮೀ.ಯಿಂದ ಭಾಗಿಸಿ. 17.5 ಗಿಗಾಹರ್ಟ್ಸ್. ನಿಮ್ಮ ಹಳ್ಳ ಅಲ್ಲೇ ಇದೆ.

ನಮ್ಮಲ್ಲಿ ಇದಕ್ಕೆ ಸಕ್-ಔಟ್ ಅಂತಾರೆ. ಕೇಬಲ್ ಮಾಡುವವರಿಗೆಲ್ಲ ಗೊತ್ತಿರುವ ಹಳೆಯ ವಿಷಯ. ಪಿಚ್ ಚಿಕ್ಕದು ಮಾಡಿದರೆ ಹಳ್ಳ ಮೇಲಿನ ಫ್ರೀಕ್ವೆನ್ಸಿಗೆ ಹೋಗುತ್ತದೆ, ಆದರೆ ಸುತ್ತುವ ಮಷೀನ್ ನಿಧಾನವಾಗುತ್ತದೆ. ಉದ್ದದ ಮಡಿಕೆ ಮಾಡಿದರೆ ಆವರ್ತನೆಯೇ ಇಲ್ಲ, ಹಳ್ಳವೂ ಇಲ್ಲ. ಆದರೆ ಬಾಗಿಸಿದಾಗ ಅಂಚು ಬಾಯಿಬಿಡುವ ಭಯ, ಕೇಬಲ್ ಸ್ವಲ್ಪ ಬಿರುಸು. 10 ಗಿಗಾಹರ್ಟ್ಸ್ ಒಳಗಿನ ಉತ್ಪನ್ನಕ್ಕೆ ಈಗಿನ ಕೇಬಲ್ಲೇ ಸಾಕು. ಅದಕ್ಕಿಂತ ಮೇಲೆ ಹೋಗುವುದಾದರೆ ಬೇರೆ ಬೇಕು. ನಿಮ್ಮ ರಿಪೋರ್ಟಿನಲ್ಲಿ ಇಷ್ಟೂ ಬರೆಯಿರಿ. ವರ್ನಿಯರ್ ಇಟ್ಟ ಫಾಯಿಲ್ಲಿನ ಫೋಟೋ ಪಕ್ಕದಲ್ಲೇ ಗ್ರಾಫ್ ಹಾಕಿ.

ಪವಯಿ_ಪ್ರವಾಸಿ

ಇದನ್ನು ಓದಿ ತುಂಬ ಖುಷಿಯಾಯಿತು. ಒಪ್ಪುತ್ತೇನೆ: ನಾವು ಸಾಲ್ವರಿನಲ್ಲಿ ಶೀಲ್ಡನ್ನು ನುಣುಪಾದ ಕೊಳವೆ ಅಂತಲೇ ಬಿಡಿಸುತ್ತೇವೆ. ಆ ಮಾಡೆಲ್ಲಿನಲ್ಲಿ ಈ ಹಳ್ಳ ಬರುವುದೇ ಇಲ್ಲ. ಆದರೆ ಈಗ ಇದನ್ನು ಮಾಡೆಲ್ ಮಾಡಿ ನೋಡಿ ಗದಗಿನವರೇ. ಬಿಟ್ಟಿ ಸಾಫ್ಟ್‌ವೇರ್ ಸಾಕು. ಪೈಥಾನಿನ ಸೈಕಿಟ್-ಆರ್‌ಎಫ್ ಲೈಬ್ರರಿಯಲ್ಲಿ 6 ಮಿ.ಮೀ. ಲೈನ್, ಒಂದು ಸಣ್ಣ ಇಂಡಕ್ಟರ್, ಮತ್ತೆ 6 ಮಿ.ಮೀ. ಲೈನ್, ಹೀಗೆ ಇನ್ನೂರು ಸಲ ಜೋಡಿಸಿ. ಒಂದು ಸಂಜೆಯ ಕೆಲಸ. ಇಂಡಕ್ಟರಿನ ಬೆಲೆ ಬದಲಿಸಿದರೆ ಹಳ್ಳ ಹೇಗೆ ಆಳವಾಗುತ್ತದೆ, ಪಿಚ್ಚು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಹೇಗೆ ಹರಡುತ್ತದೆ, ಎಲ್ಲ ಕಾಣುತ್ತದೆ. ಅದೇ ಲೈಬ್ರರಿಯಲ್ಲಿ ನಿಮ್ಮ ಲ್ಯಾಬಿನ ಟಚ್‌ಸ್ಟೋನ್ ಫೈಲ್ (ವಿಎನ್‌ಎ ಅಳತೆ ಉಳಿಸಿದ ಫೈಲ್) ತೆರೆದು ಎರಡನ್ನೂ ಒಂದರ ಮೇಲೊಂದು ಹಾಕಬಹುದು. ಆದರೆ ಕಂಪನಿಯ ಫೈಲನ್ನು ಮನೆಗೆ ತರಬೇಡಿ. ಆಫೀಸಿನಲ್ಲೇ ಮಾಡಿ.

ಮನೆಯಲ್ಲಿ ಆಟವಾಡಲು ನ್ಯಾನೋವಿಎನ್‌ಎ ಎಂಬ ಪುಟ್ಟ ವಿಎನ್‌ಎ ಒಂದು ಕೊಳ್ಳಿ. ಕೆಲವು ಗಿಗಾಹರ್ಟ್ಸ್ ತನಕದ್ದು ಸಿಗುತ್ತದೆ. ಮುಂಬೈನ ಲ್ಯಾಮಿಂಗ್ಟನ್ ರೋಡಿಗೆ ಬಂದರೆ ಆರ್‌ಜಿ-58 ಕೇಬಲ್ಲು, ಬಿಎನ್‌ಸಿ, ಎಸ್‌ಎಂಎ ಎಲ್ಲ ಒಂದೇ ಬೀದಿಯಲ್ಲಿವೆ.

ಕರಾವಳಿ_ಕೋಯಾಕ್ಸ್

ಗೋವಾದಿಂದ ಒಂದು ಸಣ್ಣ ಪ್ರಶ್ನೆ. ಬೆಳಕಿನ ಕಡೆಯವರು ಆಪ್ಟಿಕಲ್ಲನ್ನು ಚಿಪ್ಪಿನ ಪಕ್ಕಕ್ಕೇ ತರುತ್ತಿದ್ದಾರಲ್ಲ. ತಾಮ್ರ ಹೋಗುತ್ತದಾ? ಇನ್ನೊಂದು: ನಮ್ಮ ಕಡಲ ತೀರದ ಮಳೆಗಾಲದಲ್ಲಿ ಕನೆಕ್ಟರುಗಳು ಬಿಗಿಯಾಗುತ್ತವೆ, ಬೇಸಿಗೆಯಲ್ಲಿ ಸಡಿಲ. ಯಾಕೆ?

ಚಾಕಣದ_ಕಾಕಾ

ಎರಡನೆಯದು ನನ್ನದು. ಹೌಸಿಂಗ್ ನೈಲಾನ್ ಇರಬೇಕು. ನೈಲಾನ್ 66 ಗಾಳಿಯ ತೇವ ಹೀರಿ ಊದಿಕೊಳ್ಳುತ್ತದೆ, ಒಣಗಿದರೆ ಕುಗ್ಗುತ್ತದೆ. ತೇವದಲ್ಲಿ ಮೆತ್ತಗೂ ಆಗುತ್ತದೆ. ಗಾಡಿ ಕನೆಕ್ಟರಿಗೆ ಅದು ನಡೆಯುತ್ತದೆ, ಲಾಕು ಮುರಿಯದೆ ಬಾಗುವ ಗುಣ ಬೇಕಲ್ಲ. ಹೈಸ್ಪೀಡ್ ಕನೆಕ್ಟರಿಗೆ ಎಲ್‌ಸಿಪಿ ಎಂಬ ಪ್ಲಾಸ್ಟಿಕ್ ಬಳಸುವುದಕ್ಕೆ ಒಂದು ಕಾರಣ ಇದೇ. ಅದು ನೀರನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಮೌಲ್ಡಿನಲ್ಲಿ ತೆಳು ಗೋಡೆಗೂ ಸಲೀಸಾಗಿ ಹರಿಯುತ್ತದೆ. ಡ್ರಾಯಿಂಗಿನಲ್ಲಿ ಅಳತೆ ಹಾಕುವಾಗ ನೈಲಾನ್ ಆದರೆ "ಮೌಲ್ಡಿನಿಂದ ಬಂದ ಕೂಡಲೇ" ಅಂತಲೋ "ತೇವ ಹೀರಿದ ಮೇಲೆ" ಅಂತಲೋ ಬರೆಯಿಸಿ. ಇಲ್ಲದಿದ್ದರೆ ಇನ್‌ಸ್ಪೆಕ್ಷನ್ನಿನಲ್ಲಿ ಜೂನ್ ತಿಂಗಳ ಲಾಟಿಗೂ ಮಾರ್ಚ್ ತಿಂಗಳ ಲಾಟಿಗೂ ಹೊಂದುವುದಿಲ್ಲ.

ತಾಮ್ರದ_ತಂತಿ

ಮೊದಲನೆಯದಕ್ಕೆ: ದೂರದ ಸಂಪರ್ಕ ಬೆಳಕಿನ ಪಾಲಾಗಿ ಎಷ್ಟೋ ಕಾಲವಾಯಿತು, ಅದು ಮುಂದೆಯೂ ಜಾಸ್ತಿಯಾಗುತ್ತದೆ. ಆದರೆ ರ‍್ಯಾಕಿನ ಒಳಗೆ ಈಗ ಉಲ್ಟಾ ನಡೆಯುತ್ತಿದೆ. ಬೋರ್ಡಿನ ಟ್ರೇಸಿನಲ್ಲಿ ನಷ್ಟ ಜಾಸ್ತಿ ಅಂತ ಚಿಪ್ಪಿನ ಪಕ್ಕದಿಂದಲೇ ಸಣ್ಣ ಕೇಬಲ್ ಎಳೆದು ಮುಂಭಾಗದ ಕನೆಕ್ಟರಿಗೆ ತರುತ್ತಾರೆ. ಪಿಸಿಐ ಎಕ್ಸ್‌ಪ್ರೆಸ್‌ನವರು ಕೂಡ 2024ರಲ್ಲಿ ಕೇಬಲ್ಲಿಗೆಂದೇ ಬೇರೆ ಸ್ಟ್ಯಾಂಡರ್ಡ್ ತಂದರು. ಮೊದಲು ಬೋರ್ಡಿನದ್ದಾಗಿದ್ದ ಕೆಲಸ ಕೇಬಲ್ಲಿಗೆ ಬಂತು. ಜೊತೆಗೆ ಆಪ್ಟಿಕಲ್ ಎಂಜಿನ್ನಿಗೂ ವಿದ್ಯುತ್ ಸಿಗ್ನಲ್ ಒಯ್ಯಲು ಕನೆಕ್ಟರ್ ಬೇಕೇ ಬೇಕು.

ಸಂಬಳದ ಬಗ್ಗೆ ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಮೊದಲ ವರ್ಷಗಳಲ್ಲಿ ಚಿಪ್ಪಿನವರಿಗೆ ಜಾಸ್ತಿ ಸಿಗುತ್ತದೆ, ನಿಜ. ಅಳತೆ, ಮಾಡೆಲ್, ತಯಾರಿಕೆ ಮೂರೂ ಬಂದ ಮೇಲೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ, ಯಾಕೆಂದರೆ ಅಂಥವರು ಕಡಿಮೆ. ಚಿಪ್ಪಿನ ಕಂಪನಿಗಳೂ ಇಂಥವರನ್ನೇ ಹುಡುಕುತ್ತವೆ. ಬೆಂಗಳೂರಿಗೆ ವಾಪಸ್ ಹೋಗಬೇಕು ಅನ್ನುವವರಿಗೂ ದಾರಿ ಮುಚ್ಚಿಲ್ಲ.

ಕೋಥ್ರೂಡ್_ಕನ್ನಡತಿ

ಪುಣೆಗೆ ಹೊಸದಾಗಿ ಬಂದವರಿಗೆ ಒಂದು ಸಲಹೆ. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಇದೆ. 45 ಮೀಟರ್ ಅಗಲದ 30 ಆಂಟೆನಾಗಳು. ಫೆಬ್ರವರಿ ಕೊನೆಯಲ್ಲಿ ವಿಜ್ಞಾನ ದಿನಕ್ಕೆ ಜನರಿಗೆ ತೆರೆದಿಡುತ್ತಾರೆ. ನಮ್ಮ ಕೆಲಸದವರು ಅಲ್ಲಿ ಹೋಗಿ ಆಂಟೆನಾದಿಂದ ರಿಸೀವರ್ ತನಕ ಸಿಗ್ನಲ್ ಹೇಗೆ ತರುತ್ತಾರೆ ಅಂತ ಕೇಳಬೇಕು. ಅಷ್ಟು ಸಣ್ಣ ಸಿಗ್ನಲ್ಲಿಗೆ ಒಂದು ಸಡಿಲ ಕನೆಕ್ಟರ್ ಎಂಥ ತೊಂದರೆ ಅನ್ನುವುದು ಅಲ್ಲಿಯವರಿಗೆ ಚೆನ್ನಾಗಿ ಗೊತ್ತು.

ಭೋಸರಿ_ಡಿಪ್ಲೊಮಾ

ನಾನು ಇಷ್ಟು ದಿನ ಓದುತ್ತಿದ್ದೆ ಅಷ್ಟೇ, ಈಗ ಧೈರ್ಯ ಮಾಡಿ ಕೇಳುತ್ತಿದ್ದೇನೆ. ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದೆ. ಭೋಸರಿಯ ಒಂದು ಸಣ್ಣ ಹಾರ್ನೆಸ್ ಶೆಡ್ಡಿನಲ್ಲಿ ಕ್ರಿಂಪಿಂಗ್ ಮಾಡುತ್ತೇನೆ. ಇಲ್ಲಿ ವಿಎನ್‌ಎ ಎಲ್ಲ ಇಲ್ಲ. ನನ್ನಂಥವರಿಗೆ ಈ ಕೆಲಸದಲ್ಲಿ ಜಾಗ ಇದೆಯಾ ಸರ್?

ಚಾಕಣದ_ಕಾಕಾ

ಇದೆ ರೀ, ಖಂಡಿತ ಇದೆ. ನಿಮ್ಮ ಕೈಲಿರುವ ಕೆಲಸವೇ ಬುನಾದಿ.

ನಿಮ್ಮ ಶೆಡ್ಡಿನಲ್ಲಿ ಕ್ರಿಂಪ್ ಹೈಟ್ ಅಳೆಯುವ ಮೈಕ್ರೋಮೀಟರ್ ಇದ್ದೇ ಇರುತ್ತದೆ. ಅದನ್ನು ನೂರನೇ ಮಿ.ಮೀ. ತನಕ ಸರಿಯಾಗಿ ಓದಲು ಕಲಿಯಿರಿ. ಆಮೇಲೆ ಸೆಕ್ಷನ್. ಕ್ರಿಂಪನ್ನು ಅಡ್ಡ ಕತ್ತರಿಸಿ, ರೆಸಿನ್ನಿನಲ್ಲಿ ಕೂರಿಸಿ, ಪಾಲಿಷ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕ್ರಿಂಪ್ ಸರಿ ಇದ್ದರೆ ಎಳೆಗಳೆಲ್ಲ ಜೇನುಗೂಡಿನ ಹಾಗೆ ಒತ್ತಿಕೊಂಡು ನಡುವೆ ಸಂದಿ ಇರುವುದಿಲ್ಲ. ಕಡಿಮೆ ಒತ್ತಿದ್ದರೆ ಗುಂಡಗಿನ ಎಳೆ, ಕಪ್ಪು ಸಂದಿ ಕಾಣುತ್ತದೆ. ಜಾಸ್ತಿ ಒತ್ತಿದ್ದರೆ ಕೆಳಗೆ ಲೋಹ ಅಂಚಿನಿಂದ ಹೊರಗೆ ಹಿಂಡಿ ಬಂದಿರುತ್ತದೆ, ಎಳೆ ತುಂಡಾಗಿರುತ್ತದೆ.

ಕೋಯಾಕ್ಸ್ ಕ್ರಿಂಪ್ ಮಾಡುತ್ತೀರಾದರೆ ಇನ್ನೂ ಒಳ್ಳೆಯದು. ಫೆರೂಲ್ ಜಾಸ್ತಿ ಒತ್ತಿದರೆ ಒಳಗಿನ ಇನ್ಸುಲೇಶನ್ ತಗ್ಗಿ, ಟಿಡಿಆರ್‌ನಲ್ಲಿ 50 ಓಮ್ ಗೆರೆ ಆ ಜಾಗದಲ್ಲಿ ಕೆಳಗೆ ಬೀಳುತ್ತದೆ. ಸುಲಿದ ಇನ್ಸುಲೇಶನ್ನಿಗೂ ಕನೆಕ್ಟರಿಗೂ ನಡುವೆ ಗಾಳಿಯ ಸಂದಿ ಉಳಿದರೆ ಗೆರೆ ಮೇಲೆ ಏಳುತ್ತದೆ. ಗ್ರಾಫ್ ನೋಡಿ "ಇದು ಬ್ಲೇಡ್ ಸವೆದದ್ದು, ಅದು ಡೈ ತಪ್ಪಿದ್ದು" ಅಂತ ಹೇಳಬಲ್ಲವರು ಲ್ಯಾಬಿನಲ್ಲಿ ಬೇಕು. ನಿಮಗೆ ಬ್ಲೇಡು, ಡೈ ಎರಡೂ ಈಗಾಗಲೇ ಗೊತ್ತು. ಗ್ರಾಫ್ ಓದುವುದು ಬಂದು ಸೇರಿದ ಮೇಲೂ ಕಲಿಯಬಹುದು.

ಇಂಟರ್‌ವ್ಯೂಗೆ ಹೋಗುವಾಗ ನೀವೇ ಮಾಡಿದ ಸೆಕ್ಷನ್ ಸ್ಯಾಂಪಲ್ ಮೂರು ಒಯ್ಯಿರಿ: ಸರಿ ಇರುವುದು, ಕಡಿಮೆ ಒತ್ತಿದ್ದು, ಜಾಸ್ತಿ ಒತ್ತಿದ್ದು. ಗಿರಾಕಿಯ ಪಾರ್ಟು ಮಾತ್ರ ಬೇಡ, ಅಂಗಡಿಯಲ್ಲಿ ಸಿಗುವ ಸಾದಾ ಟರ್ಮಿನಲ್ ಸಾಕು. ಪ್ರತಿಯೊಂದರ ಮೇಲೆ ಕ್ರಿಂಪ್ ಹೈಟು ಮತ್ತು ಎಳೆದಾಗ ಕಿತ್ತುಬಂದ ಬಲ ಬರೆದ ಚೀಟಿ ಅಂಟಿಸಿ. ಪಾಲಿಷ್ ಪೇಪರ್ ಯಾವ ಗ್ರೇಡ್ ಬೇಕು, ರೆಸಿನ್ ಹೇಗೆ ಕಲಸಬೇಕು ಅಂತ ಬೇಕಿದ್ದರೆ ಇಲ್ಲೇ ಕೇಳಿ, ಬರೆಯುತ್ತೇನೆ.